ಹಿಂದಿನ ವಾಕ್ಯ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಸ್ಟುಡಿಯೋದಲ್ಲಿ ಎಲ್ಲರೂ ಹೇಳುತ್ತಾರೆ. ಇದ್ದರೆ ಇರಲಿ. ದಿನಕ್ಕೆ ಎಂಟು ಗಂಟೆ ಬೇರೆಯವರು ತಡವರಿಸುವುದನ್ನು, ಎಂಜಲು ನುಂಗುವುದನ್ನು, ಅವರ ಹೊಟ್ಟೆ ಗುರುಗುಟ್ಟುವುದನ್ನು ಕಿವಿಗೆ ಒತ್ತಿಕೊಂಡು ಕೇಳುವ ಕೆಲಸ ಮಾಡಿ ನೋಡಿ, ನಿಮಗೂ ಬರುತ್ತದೆ. ನಾನು ಪುಸ್ತಕಗಳನ್ನು ಓದಿಸಿ ರೆಕಾರ್ಡ್ ಮಾಡುವವಳು. ದಪ್ಪ ಗಾಜಿನ ಆ ಕಡೆ ಪುಟ್ಟ ಕೋಣೆಯಲ್ಲಿ ಓದುವವರು ಕೂರುತ್ತಾರೆ, ಈ ಕಡೆ ನಾನು ಕೂರುತ್ತೇನೆ. ಅವರು ತಪ್ಪುತ್ತಾರೆ, ನಾನು ತಿದ್ದುತ್ತೇನೆ. ಇಪ್ಪತ್ತೆರಡು ವರ್ಷದಿಂದ ನಮ್ಮ ಸಂಸಾರ ಹೀಗೇ ನಡೆದಿದೆ.

ತಿದ್ದುವ ರೀತಿಯನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅಪ್ಪನಿಗೆ ನಾನು ಮಾಡಿದ್ದು ಏನೆಂದು ನಿಮಗೆ ತಿಳಿಯುವುದಿಲ್ಲ. ಓದುವವರು ಒಂದು ಕಡೆ ತಪ್ಪಿದರೆ ಅಧ್ಯಾಯವನ್ನೆಲ್ಲ ಮತ್ತೆ ಓದಿಸುವುದಿಲ್ಲ. ತಪ್ಪಿನ ಹಿಂದಿನ ವಾಕ್ಯಕ್ಕೆ ಹೋಗಿ, ಅದನ್ನು ಅವರದೇ ದನಿಯಲ್ಲಿ ಅವರ ಹೆಡ್‌ಫೋನಿಗೆ ಕೇಳಿಸುತ್ತೇನೆ. ಅವರು ಅದೇ ಏರಿಳಿತ, ಅದೇ ಉಸಿರು ಹಿಡಿದು ಮುಂದಿನದನ್ನು ಓದುತ್ತಾರೆ. ಆ ಕ್ಷಣಕ್ಕೆ ಸರಿಯಾಗಿ ನಾನು ಗುಂಡಿ ಒತ್ತಿದರೆ ಹಳೆಯದೂ ಹೊಸದೂ ಕೂಡಿಕೊಳ್ಳುತ್ತವೆ. ನಡುವೆ ಕಡಿದದ್ದು ಯಾರಿಗೂ ಗೊತ್ತಾಗುವುದಿಲ್ಲ. ಅಪ್ಪ ಇದಕ್ಕೆ ‘ಎಳೆ ಕೊಡೋದು’ ಎನ್ನುತ್ತಿದ್ದರು. ತಪ್ಪಿದ ತಕ್ಷಣ ಗಾಜಿನಾಚೆಯಿಂದ ಬೆರಳು ಎತ್ತಿ, “ಎಳೆ ಕೊಡು ಪುಟ್ಟಿ” ಎಂದು ಕೇಳುವರು. ನನಗೆ ನಲವತ್ತೇಳು ವರ್ಷ. ನನ್ನನ್ನು ಪುಟ್ಟಿ ಎಂದು ಕರೆದು ಬೈಸಿಕೊಳ್ಳದೆ ಉಳಿದವರು ಅವರೊಬ್ಬರೇ.

ಅಪ್ಪ ಮೂವತ್ತು ವರ್ಷ ರೇಡಿಯೋದಲ್ಲಿ ವಾರ್ತೆ ಓದಿದವರು. ಎಂಥ ದುರಂತದ ಸುದ್ದಿಯನ್ನೂ ದನಿ ನಡುಗಿಸದೆ ಓದಿ, ಮನೆಗೆ ಬಂದು, ಚಹಾ ತಣ್ಣಗಿದೆ ಎಂದು ನಡುಗುವ ದನಿಯಲ್ಲಿ ಅಮ್ಮನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಕಾಟ ಕೊಡುತ್ತಾರೆಂದು ನಾನೇ ಸ್ಟುಡಿಯೋಗೆ ಕರೆತಂದೆ. ಆರು ವರ್ಷದ ಹಿಂದೆ ಅವರು ಓದಿದ್ದು ‘ಆರು ಬಾಗಿಲ ಮನೆ’ ಎಂಬ ದೆವ್ವದ ಕಾದಂಬರಿ. ಐದು ಬಾಗಿಲಿನ ಹಳೇ ಮನೆಗೆ ಗಂಡ ಹೆಂಡತಿ ಬಾಡಿಗೆಗೆ ಬರುತ್ತಾರೆ. ಒಂದು ದಿನ ಆರನೇ ಬಾಗಿಲು ಕಾಣಿಸಿಕೊಳ್ಳುತ್ತದೆ. ಕೊನೆಗೆ ಇಬ್ಬರೂ ಹೇಗೋ ಜೀವ ಉಳಿಸಿಕೊಂಡು ಹೊರಗೆ ಬರುತ್ತಾರೆ. ಕತೆ ಅಷ್ಟೇ, ಆದರೆ ಅಪ್ಪ ಓದಿದ್ದನ್ನು ಕೇಳಿದವರು ದೀಪ ಆರಿಸಿ ಮಲಗಲಿಲ್ಲ. ಬಸ್ಸಿನಲ್ಲಿ ಅಪ್ಪ “ಸ್ವಲ್ಪ ಸರೀರಿ” ಎಂದರೂ ಮುಂದಿನ ಸೀಟಿನವರು ಬೆಚ್ಚಿ ತಿರುಗುವಂತಾಯಿತು. ಅಪ್ಪನಿಗೆ ಅದರಲ್ಲಿ ಮಹಾ ಖುಷಿ. ಬೇಕೆಂದೇ ಎರಡು ಸಲ ಹೇಳುತ್ತಿದ್ದರು.

ಅದಾಗಿ ಎರಡು ವರ್ಷಕ್ಕೆ ಅಮ್ಮ ತೀರಿಕೊಂಡಳು. ಇನ್ನೆರಡು ವರ್ಷಕ್ಕೆ ಅಪ್ಪ ಮರೆಯತೊಡಗಿದರು. ಮೊದಲು ಕನ್ನಡಕ, ಆಮೇಲೆ ಹೆಸರುಗಳು, ಆಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಅರ್ಧದಲ್ಲಿ ನಿಂತು, ಕೈಯಲ್ಲಿರುವುದು ಏನೆಂದು ನೋಡುತ್ತ ಉಳಿಯುವುದು. ಡಾಕ್ಟರು ಮಾತ್ರೆ ಬರೆದುಕೊಟ್ಟರು. “ಇದು ತಡೆಯೋದಲ್ಲಮ್ಮ, ನಿಧಾನ ಮಾಡೋದು” ಎಂದು ಮುಖ ನೋಡದೆ ಹೇಳಿದರು. ಒಂದು ಮಾತ್ರ ಒಳ್ಳೆಯದು ಹೇಳಿದರು: ಓದುವುದನ್ನು ಬಿಡಿಸಬೇಡಿ. ನಿಜವೇ. ಕಾಗದ ಕೈಗೆ ಕೊಟ್ಟರೆ ಸಾಕು, ಅಪ್ಪ ನೆಟ್ಟಗೆ ಕೂರುತ್ತಿದ್ದರು. ದನಿ ಎದೆಯಿಂದ ಬರುತ್ತಿತ್ತು. ಎರಡು ಗಂಟೆ ಹೊತ್ತು ಹಳೇ ಅಪ್ಪ ಸಿಗುತ್ತಿದ್ದರು. ಕಾಗದ ಕೆಳಗಿಟ್ಟ ಮೇಲೆ ಮತ್ತೆ ಹೋಗಿಬಿಡುತ್ತಿದ್ದರು.

ಆಗ ಬಂದವಳು ದೆವ್ವದಕ್ಕ. ಆ ಕಾದಂಬರಿ ಬರೆದವಳು. ನಾವಿಟ್ಟ ಅಡ್ಡಹೆಸರು, ಅವಳೂ ಒಪ್ಪಿಕೊಂಡಿದ್ದಾಳೆ. ಊರವರನ್ನೆಲ್ಲ ನಿದ್ದೆಗೆಡಿಸುವ ಹೆಂಗಸು ಜಿರಳೆ ಕಂಡರೆ ಕುರ್ಚಿ ಹತ್ತುತ್ತಾಳೆ. ಬಂದವಳೇ ಮೇಜಿನ ಮೇಲೆ ಒಂದು ಕಟ್ಟು ಹಾಳೆ ಇಟ್ಟಳು.

“ಎರಡನೇ ಭಾಗ. ಸರ್ ಓದಬೇಕು. ಬೇರೆ ಯಾರ ದನಿಯಲ್ಲೂ ಆ ಮನೆ ಮನೆ ಅನ್ಸಲ್ಲಮ್ಮ.”

ಆ ರಾತ್ರಿಯೇ ಓದಿದೆ. ಓದಿ ಹಾಳೆಗಳನ್ನು ಮೇಜಿಗೆ ಕುಕ್ಕಿದೆ. ಮೊದಲ ಭಾಗದ ಕತೆಯನ್ನು ಹೊರಗಿನವರು ಯಾರೋ ಹೇಳುತ್ತಾರೆ. ಇದನ್ನು ಆ ಗಂಡನೇ ಹೇಳುತ್ತಾನೆ. ಈಗ ಅವನು ಮುದುಕ. ಹೆಂಡತಿ ಸತ್ತಿದ್ದಾಳೆ. ಆ ಮನೆಯೊಳಗಿಂದ ಅವಳು ಕರೆದಂತಾಗಿ ಒಬ್ಬನೇ ವಾಪಸು ಹೋಗುತ್ತಾನೆ. ಅವನು ದಾಟಿದ ಒಂದೊಂದು ಬಾಗಿಲೂ ಹಿಂದೆ ಗೋಡೆಯಾಗುತ್ತದೆ. ಕೊನೆಯ ಅಧ್ಯಾಯದಲ್ಲಿ ಆರನೇ ಬಾಗಿಲೊಳಗೆ ಹೋಗಿ, ದೀಪ ಆರಿಸಿ, ಚಿಲಕ ಹಾಕಿಕೊಳ್ಳುತ್ತಾನೆ. ಮುಗಿಯಿತು. ನನ್ನನ್ನು ಉರಿಸಿದ್ದು ದೆವ್ವವಲ್ಲ. ಮುದುಕ ಬೆಳಿಗ್ಗೆ ಎದ್ದು ಎರಡು ಲೋಟ ಚಹಾ ಮಾಡಿ, ಒಂದನ್ನು ನೋಡುತ್ತ ಕೂರುವುದು, ಹೆಂಡತಿಯ ಚಪ್ಪಲಿಯನ್ನು ಬಿಸಿಲಿಗೆ ಇಡುವುದು. ಅದು ನಮ್ಮಪ್ಪ ಮಾಡಿದ್ದು. ಅಮ್ಮ ಹೋದಾಗ ದೆವ್ವದಕ್ಕ ನಾಲ್ಕು ದಿನ ಬಂದು ಅಪ್ಪನ ಪಕ್ಕ ಕೂತು ಕೈ ಹಿಡಿದು ಕೇಳಿಸಿಕೊಂಡಿದ್ದಳು. ಸಮಾಧಾನ ಮಾಡುತ್ತಿದ್ದಾಳೆ ಎಂದುಕೊಂಡಿದ್ದೆ.

“ಕದ್ದಿದ್ದೀರಿ” ಎಂದೆ ಮರುದಿನ.

“ಹೌದು” ಎಂದಳು ಅವಳು. ನಾಚಿಕೆಯಾಗಲಿ ಜಂಬವಾಗಲಿ ಇಲ್ಲದೆ. “ಬರೆಯೋರು ಮತ್ತೇನ್ ಮಾಡ್ತಾರೆ ಹೇಳು. ಆದ್ರೆ ಆಗ ಅವರಿಗೆ ಮರೆವು ಶುರುವಾಗಿರಲಿಲ್ಲ. ಈಗ ನೀನು ಬೇಡ ಅಂದ್ರೆ ಬೇಡ. ಎತ್ಕೊಂಡು ಹೋಗ್ತೀನಿ.”

ಬೇಡ ಎಂದೇ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಪಕ್ಕದ ಕುರ್ಚಿಯಲ್ಲಿದ್ದ ಅಪ್ಪ ಮೊದಲ ಹಾಳೆ ಎತ್ತಿಕೊಂಡು ಓದತೊಡಗಿದ್ದರು. ಅಷ್ಟು ತುಂಬಿ ಬಂದ ದನಿಯನ್ನು ಎರಡು ವರ್ಷದಿಂದ ಕೇಳಿರಲಿಲ್ಲ. ಪುಟ ಮುಗಿಸಿ ಅಪ್ಪ ನನ್ನ ಕಡೆ ನೋಡಿ, “ಚೆನ್ನಾಗಿದೆ ಪುಟ್ಟಿ. ಯಾವತ್ತಿಂದ?” ಎಂದರು. ನಾನು ಸೋತೆ. ಸುಳ್ಳೇಕೆ ಹೇಳಲಿ, ಪುಸ್ತಕಕ್ಕಾಗಿಯೂ ಅಲ್ಲ, ಅವರ ಆರೋಗ್ಯಕ್ಕಾಗಿಯೂ ಅಲ್ಲ. ಆ ದನಿ ಪೂರ್ತಿ ಹೋಗುವ ಮೊದಲು ಇನ್ನೊಂದು ಹತ್ತು ಗಂಟೆಯಷ್ಟು ಹಿಡಿದಿಟ್ಟುಕೊಳ್ಳಬೇಕೆಂಬ ನನ್ನ ಆಸೆಬುರುಕತನಕ್ಕಾಗಿ.

ಮೊದಲ ಎರಡು ದಿನ ಹಬ್ಬ. ಅಪ್ಪ ಒಂದು ತಪ್ಪಿಲ್ಲದೆ ಓದಿದರು. ಮೂರನೇ ದಿನ ಮನೆಯಲ್ಲಿ ಊಟಕ್ಕೆ ಕರೆದೆ, ಬರಲಿಲ್ಲ. ನಡುಮನೆಯಲ್ಲಿ ನಿಂತು ಬೆರಳು ಮಡಿಸುತ್ತಿದ್ದರು.

“ಏನು ಎಣಿಸ್ತಿದ್ದೀರಿ?”

“ಐದೇ ಇದಾವೆ.”

“ಏನು ಐದು?”

“ಬಾಗಿಲು. ಇನ್ನೊಂದನ್ನ ಎಲ್ಲಿ ಇಟ್ಟೆ ನೀನು?”

ನಕ್ಕು ತಟ್ಟೆ ಮುಂದಿಟ್ಟೆ. ಅವರು ಮಲಗಿದ ಮೇಲೆ ನಾನೂ ಎಣಿಸಿದೆ. ಹೊರಬಾಗಿಲು, ಅಡುಗೆಮನೆ, ಬಚ್ಚಲು, ಅಪ್ಪನ ಕೋಣೆ, ನನ್ನ ಕೋಣೆ. ಹದಿನೆಂಟು ವರ್ಷದಿಂದ ಇರುವ ಮನೆ, ಐದು ಬಾಗಿಲಿದೆ ಎಂದು ಅವತ್ತೇ ನನಗೆ ಗೊತ್ತಾದದ್ದು. ಮತ್ತೊಮ್ಮೆ ಎಣಿಸಬೇಕೆನಿಸಿತು. ಎಣಿಸಲಿಲ್ಲ.

ಆಮೇಲೆ ದಿನದಿನಕ್ಕೂ ಹೆಚ್ಚಾಯಿತು. ಸ್ಟುಡಿಯೋದಲ್ಲಿ ಹಾಳೆ ಕೆಳಗಿಟ್ಟರೂ ಅಪ್ಪ ಆ ಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಬಚ್ಚಲಿಗೆ ಹೋದರೆ ಬಾಗಿಲು ತೆರೆದಿರುವಂತೆ ಕುರ್ಚಿ ಅಡ್ಡ ಇಡುವರು, ಗೋಡೆಯಾಗಿಬಿಟ್ಟರೆ ಎಂದು. ಒಮ್ಮೆ ನಾನು ಅಡುಗೆಮನೆಯಿಂದ ಬಂದಾಗ ಬೆಚ್ಚಿಬಿದ್ದು, “ನೀನು ಹೇಗೆ ಬಂದೆ, ಅಲ್ಲಿ ಗೋಡೆ ಇದೆಯಲ್ಲ” ಎಂದರು. ನನ್ನನ್ನು ಮರೆಯುತ್ತಾರೆ ಎಂಬುದಕ್ಕೆ ಎದೆ ಗಟ್ಟಿ ಮಾಡಿಕೊಂಡಿದ್ದೆ. ನನ್ನನ್ನು ದೆವ್ವ ಎಂದುಕೊಳ್ಳುತ್ತಾರೆ ಎಂಬುದಕ್ಕೆ ಮಾಡಿಕೊಂಡಿರಲಿಲ್ಲ.

ಆಗ ಒಂದು ಉಪಾಯ ಹೊಳೆಯಿತು. ಆ ಉಪಾಯದ ಮೇಲೆ ನನಗೆ ಎಷ್ಟು ಹೆಮ್ಮೆಯಿತ್ತೆಂದರೆ ಈಗ ನೆನೆದರೆ ಮೈ ಪರಚಿಕೊಳ್ಳುವಂತಾಗುತ್ತದೆ. ಅಪ್ಪ ಅಂಗಿಯ ಮೂರನೇ ಗುಂಡಿಯಲ್ಲಿ ನಿಂತುಹೋದಾಗ, ಅವರು ಅದಕ್ಕೆ ಮೊದಲು ಆಡಿದ್ದ ಮಾತನ್ನೇ ಅವರ ಧಾಟಿಯಲ್ಲಿ ಹೇಳಿದೆ: “ಬಿಳೀ ಅಂಗಿ ಇಸ್ತ್ರಿ ಆಗಿದೆಯಾ…” ಅಪ್ಪ ತಕ್ಷಣ, “ಆಗಿದ್ರೆ ಅದನ್ನೇ ಕೊಡು” ಎಂದು ಮುಂದುವರಿಸಿ ನಾಲ್ಕನೇ ಗುಂಡಿ ಹಾಕಿಕೊಂಡರು. ಹಾದಿ ತಪ್ಪಿದ ಮನುಷ್ಯನಿಗೂ ಎಳೆ ಕೊಡಬಹುದು! ಅವತ್ತಿನಿಂದ ನಾನು ಅವರು ಹೇಳಿದ್ದನ್ನೆಲ್ಲ ನೆನಪಿಟ್ಟುಕೊಳ್ಳತೊಡಗಿದೆ. ನಿಂತಲ್ಲೆಲ್ಲ ಹಿಂದಿನ ವಾಕ್ಯ ಕೊಟ್ಟೆ. ಹತ್ತಕ್ಕೆ ಎಂಟು ಸಲ ಕೂಡಿಕೊಂಡಿತು. ಡಾಕ್ಟರಿಗೂ ಗೊತ್ತಿಲ್ಲದ್ದು ನನಗೆ ಗೊತ್ತು ಎಂದು ಬೀಗಿದೆ.

ಏಳನೇ ದಿನ ಅಪ್ಪ ಹಾಳೆಯಲ್ಲಿ ಇಲ್ಲದ್ದನ್ನು ಓದಿದರು. ಮುದುಕ ಮೂರನೇ ಬಾಗಿಲ ಹತ್ತಿರ ಹೆಂಡತಿಯ ನೆರಳು ಕಾಣುವ ಜಾಗ. ಅಪ್ಪ ತಡೆಯದೆ, ದನಿ ಬದಲಿಸದೆ, “ಅವಳು ಪಾತ್ರೆ ತೊಳೆದು ಬಂದಿದ್ದಳು. ಒದ್ದೆ ಕೈಯನ್ನು ನನ್ನ ಕುತ್ತಿಗೆಗೆ ಒತ್ತಿ, ಚಳಿ ಎಷ್ಟಿದೆ ನೋಡಿ ಎಂದು ನಕ್ಕಳು” ಎಂದು ಹೇಳಿ, ಮತ್ತೆ ಹಾಳೆಯ ಸಾಲಿಗೆ ಬಂದರು. ನನ್ನ ಪಕ್ಕದಲ್ಲಿ ಕೂತಿದ್ದ ದೆವ್ವದಕ್ಕ ಪೆನ್ಸಿಲು ಬಿಟ್ಟಳು.

“ಇದು ನಾನು ಬರೆದದ್ದಲ್ಲ.”

“ಗೊತ್ತು” ಎಂದೆ. ಚಳಿಗಾಲದ ಬೆಳಿಗ್ಗೆಗಳಲ್ಲಿ ಅಮ್ಮ ಅಪ್ಪನಿಗೆ ಕೊಡುತ್ತಿದ್ದ ಕಾಟ ಅದು.

“ಇರಲಿ ಬಿಡು ಇದು. ನಂದಕ್ಕಿಂತ ಚೆನ್ನಾಗಿದೆ.”

ನಾನು ಅವಳ ಮುಖ ನೋಡಿಕೊಂಡೇ ಅದನ್ನು ಅಳಿಸಿ, ಹಿಂದಿನ ವಾಕ್ಯ ಕೊಟ್ಟು ಮತ್ತೆ ಓದಿಸಿದೆ. ಅಪ್ಪ ಸರಿಯಾಗಿ ಓದಿದರು. ಆದರೆ ಕುತ್ತಿಗೆಯನ್ನು ಕೈಯಿಂದ ಒರೆಸಿಕೊಂಡರು, ಅಲ್ಲಿ ನೀರಿದೆಯೇನೋ ಎಂಬಂತೆ. ನಾನೂ ದೆವ್ವದಕ್ಕನೂ ಇಬ್ಬರೂ ನೋಡಿದೆವು.

ಕೊನೆಯ ಅಧ್ಯಾಯ ಒಂದೇ ಉಳಿಯಿತು. ಅದನ್ನು ಅಪ್ಪನಿಂದ ಓದಿಸುವುದಿಲ್ಲ ಎಂದೆ. ನನ್ನ ಭಯವನ್ನು ಬಿಡಿಸಿ ಹೇಳಿದೆ: ದಾಟಿದ ಒಂದೊಂದು ಬಾಗಿಲನ್ನೂ ಈ ಮನುಷ್ಯ ನಿಜವಾಗಿ ದಾಟುತ್ತಿದ್ದಾರೆ. ಆರನೆಯದರೊಳಗೆ ಹೋಗಿ ಚಿಲಕ ಹಾಕಿಕೊಂಡರೆ ನನಗೆ ವಾಪಸು ಸಿಗುವುದಿಲ್ಲ. ದೆವ್ವದಕ್ಕ ವಾದ ಮಾಡಲಿಲ್ಲ. “ಬೇಕಾದ್ರೆ ಕೊನೇನೇ ಬದಲಾಯಿಸ್ತೀನಿ. ಮುದುಕ ಹೊರಗೆ ಬರಲಿ” ಎಂದಳು. ನನಗೆ ಅವಳ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಆದರೆ ಒಪ್ಪದವರು ಅಪ್ಪ.

“ಸುದ್ದಿ ಅರ್ಧ ಓದಿ ಎದ್ದುಹೋದವನಲ್ಲ ನಾನು” ಎಂದರು, ಹಾಳೆಗಳನ್ನು ಎದೆಗೆ ಒತ್ತಿಕೊಂಡು. “ಅವಳು ಆಗಿಂದ ಕರೀತಿದಾಳೆ. ಇನ್ನೂ ಎಷ್ಟು ಕಾಯಿಸ್ತೀರಿ?”

ಕಿತ್ತುಕೊಳ್ಳಲು ಹೋದರೆ ಮಗುವಿನ ಹಾಗೆ ಅತ್ತುಬಿಟ್ಟರು. ಓದಿ ಮುಗಿಸಲಿ, ನಾನಿದ್ದೇನಲ್ಲ, ಎಡವಟ್ಟಾದರೆ ಎಳೆ ಕೊಟ್ಟು ಎಳೆದುಕೊಳ್ಳುತ್ತೇನೆ ಎಂದು ಧೈರ್ಯ ತಂದುಕೊಂಡೆ. ಬಿಸಿಲು ಚೆನ್ನಾಗಿದ್ದ ಒಂದು ಬೆಳಿಗ್ಗೆ, ಹನ್ನೊಂದು ಗಂಟೆಗೆ, ಅಪ್ಪನನ್ನು ಗಾಜಿನಾಚೆ ಕೂರಿಸಿದೆ.

ಆ ಕೋಣೆಯ ಬಗ್ಗೆ ಹೇಳಬೇಕು. ಗೋಡೆಗೆಲ್ಲ ಸ್ಪಂಜು, ಒಂದು ಮೇಜು, ಒಂದು ಮೇಜಿನ ದೀಪ, ಮೈಕು. ಓದುವಾಗ ಶಬ್ದವಾಗಬಾರದೆಂದು ಎಸಿ ಆರಿಸುತ್ತೇವೆ. ಅದರ ಸ್ವಿಚ್ಚೂ ಒಳಗೇ ಇದೆ. ದಪ್ಪ ಬಾಗಿಲಿಗೆ ಒಳಗಿನಿಂದ ಒಂದು ಕಬ್ಬಿಣದ ಅಗುಳಿ, ಎಳೆದು ಕೂರಿಸಿದರೆ ಗಾಳಿಯೂ ಆಡುವುದಿಲ್ಲ. ಹೊರಗಿನಿಂದ ಅದನ್ನು ತೆಗೆಯುವ ಹಿಡಿ ಮುರಿದು ತಿಂಗಳಾಗಿತ್ತು. ಇವತ್ತು ನಾಳೆ ಎಂದು ದಿನ ತಳ್ಳಿದ್ದೆವು. ಓದುವವರೇ ಒಳಗಿನಿಂದ ತೆಗೆಯುತ್ತಿದ್ದರಿಂದ ಯಾರಿಗೂ ತೊಂದರೆ ಅನಿಸಿರಲಿಲ್ಲ. ನಾನೇ ಮೊದಲ ದಿನದಿಂದ ಅಪ್ಪನಿಗೆ, “ಅಗುಳಿ ಪೂರ್ತಿ ಎಳೀಬೇಡಿ, ಬಾಗಿಲು ಮುಂದೆ ಮಾಡಿದ್ರೆ ಸಾಕು” ಎಂದು ಹೇಳಿ ಕೂರಿಸುತ್ತಿದ್ದೆ. ಅವತ್ತೂ ಹೇಳಿದ್ದೆ.

ಅಪ್ಪ ಓದಿದರು. ಅಷ್ಟು ಚೆನ್ನಾಗಿ ಅವರು ಓದಿದ್ದು ನಾನು ಕೇಳಿಲ್ಲ. ಇಪ್ಪತ್ತು ನಿಮಿಷ ನಾನು ಗುಂಡಿ ಮುಟ್ಟಲಿಲ್ಲ. ಕೊನೆಯ ಹಾಳೆಗೆ ಬಂದಾಗ ಓದುತ್ತ ಓದುತ್ತಲೇ ಎದ್ದು ನಿಂತರು. ಹಾಳೆ ಮೇಜಿನ ಮೇಲೇ ಇತ್ತು, ನೋಡುತ್ತಿರಲಿಲ್ಲ.

“ಐದು ಬಾಗಿಲು ದಾಟಿ ಬಂದಿದ್ದೆ. ತಿರುಗಿ ನೋಡಿದರೆ ಐದೂ ಗೋಡೆಯಾಗಿದ್ದವು. ಮುಂದೆ ಆರನೆಯದು. ನಾನು ಒಳಗೆ ಹೋದೆ. ಚಿಲಕ ಹಾಕಿಕೊಂಡೆ.”

ಕೈ ಚಾಚಿ ಅಗುಳಿ ಎಳೆದರು. ಕಬ್ಬಿಣ ಕೂತ ಸದ್ದು ಹೆಡ್‌ಫೋನಿನಲ್ಲಿ ಕೇಳಿತು.

“ದೀಪ ಆರಿಸಿದೆ.”

ಗಾಜು ಕಪ್ಪಾಯಿತು. ನಮ್ಮ ಕಡೆಯ ಬೆಳಕಿನಲ್ಲಿ ಅವರ ಬಿಳೀ ಅಂಗಿಯಷ್ಟೇ ಮಸುಕಾಗಿ ಕಂಡಿತು. ಅದು ಮೆಲ್ಲಗೆ ಕೆಳಗೆ ಇಳಿಯಿತು. ಗಾಜಿನ ಕೆಳಗೇ ನೆಲದ ಮೇಲೆ ಕೂತರು.

ಮಾತಾಡುವ ಗುಂಡಿ ಒತ್ತಿದೆ. “ಅಪ್ಪ, ಚೆನ್ನಾಗಿ ಬಂತು. ಮುಗೀತು. ಬಾಗಿಲು ತೆಗೀರಿ.”

ಉಸಿರು ಮಾತ್ರ ಕೇಳಿತು.

“ಅಪ್ಪ.”

“ಯಾರು?” ಎಂದರು. ಪಿಸುದನಿ. ಮೈಕಿನಿಂದ ದೂರವಿದ್ದರೂ ಸ್ಪಷ್ಟ. “ಈ ಮನೇಲಿ ನನ್ನನ್ನ ಅಪ್ಪ ಅನ್ನೋರು ಯಾರೂ ಇಲ್ಲ. ನಮಗೆ ಮಕ್ಕಳಿಲ್ಲ.”

ಕತೆಯ ಆ ದಂಪತಿಗೆ ಮಕ್ಕಳಿಲ್ಲ. ದೆವ್ವದಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. “ಬಾಗಿಲು ಒಡೆಸೋಣ” ಎಂದು ಎದ್ದು ಹೊರಗೆ ಓಡಿದಳು. ಬಾಗಿಲು ಮಾಡಿದ ಬಡಗಿಗೆ ಫೋನು ಮಾಡಿ ಬಂದಳು. ಊರಿನ ಆಚೆ ತುದಿಯಲ್ಲಿದ್ದಾನೆ, ಮುಕ್ಕಾಲು ಗಂಟೆ ಬೇಕಂತೆ. ಗಾಜು ಒಡೆಯೋಣವೆಂದರೆ ಎರಡು ಪದರದ ದಪ್ಪ ಗಾಜು, ಕೆಳಗೇ ಅಪ್ಪನ ತಲೆ. ಗಾಳಿಯಿಲ್ಲದ ಆ ಪೆಟ್ಟಿಗೆಯಲ್ಲಿ ಗಟ್ಟಿಮುಟ್ಟಾದವರೇ ಅರ್ಧ ಗಂಟೆಗೆ ಬೆವೆತು ಹಣ್ಣಾಗುತ್ತಾರೆ. ಅಪ್ಪನಿಗೆ ಎಪ್ಪತ್ತಾರು. ಆಗಲೇ ಉಸಿರು ಸಣ್ಣಗಾಗಿತ್ತು. ಹೆಡ್‌ಫೋನು ಇನ್ನೂ ಅವರ ಕಿವಿಯ ಮೇಲಿತ್ತು, ಅದೊಂದೇ ದಾರಿ ನನಗೆ ಉಳಿದದ್ದು.

ಎಳೆ ಕೊಟ್ಟೆ. ಹಿಂದಿನ ವಾಕ್ಯ: “ಮುಂದೆ ಆರನೆಯದು.”

ಅಪ್ಪ ತಕ್ಷಣ ಹಿಡಿದುಕೊಂಡರು. “ನಾನು ಒಳಗೆ ಹೋದೆ. ಚಿಲಕ ಹಾಕಿಕೊಂಡೆ. ದೀಪ ಆರಿಸಿದೆ.”

ಇನ್ನೂ ಹಿಂದೆ ಹೋದೆ. ನಾಲ್ಕನೇ ಬಾಗಿಲು. ಅಲ್ಲಿಂದ ಹಿಡಿದು, ಹಾಳೆಯಿಲ್ಲದೆ, ಕತ್ತಲಲ್ಲಿ, ಒಂದಕ್ಷರ ಬಿಡದೆ ಐದನೆಯದಕ್ಕೆ ಬಂದರು, ಆರನೆಯದಕ್ಕೆ ಬಂದರು, ಒಳಗೆ ಹೋದರು. ಅಧ್ಯಾಯದ ಮೊದಲ ವಾಕ್ಯ ಕೊಟ್ಟೆ. ಅಲ್ಲಿಂದಲೂ ಒಳಗೇ. ಎಲ್ಲಿಂದ ಬಿಟ್ಟರೂ ಅದೇ ಬಾಗಿಲಿಗೆ ಹೋಗಿ ನಿಲ್ಲುವ ಹಾಗೆ ಆ ಹೆಂಗಸು ಬರೆದಿದ್ದಳು. ಒಂದೊಂದು ಸಲವೂ ಅಪ್ಪನ ದನಿ ಇಷ್ಟಿಷ್ಟೇ ಇಳಿಯುತ್ತಿತ್ತು. ನಾನು ಕೈಯಾರೆ ಅವರನ್ನು ಮತ್ತೆ ಮತ್ತೆ ಒಳಗೆ ನೂಕುತ್ತಿದ್ದೆ.

“ಈ ಪುಸ್ತಕದಲ್ಲಿ ಹೊರಗೆ ಬರೋ ದಾರಿ ಇಲ್ಲ” ಎಂದಳು ದೆವ್ವದಕ್ಕ, ಅಳುತ್ತ. “ನಾನು ಇಟ್ಟೇ ಇಲ್ಲ.”

ಈ ಪುಸ್ತಕದಲ್ಲಿ ಇಲ್ಲ. ಹಿಂದಿನದರಲ್ಲಿ ಇದೆ.

ಮೊದಲ ಭಾಗದ ರೆಕಾರ್ಡಿಂಗ್ ಅದೇ ಕಂಪ್ಯೂಟರಿನಲ್ಲಿತ್ತು. ದನಿ ಹೊಂದಿಸಿಕೊಳ್ಳಲೆಂದು ನಾನೇ ಮೊದಲ ದಿನ ತೆಗೆದಿಟ್ಟುಕೊಂಡಿದ್ದೆ. ಕೊನೆಯ ಅಧ್ಯಾಯಕ್ಕೆ ಹೋದೆ. ಎರಡು ಸಲ ತಪ್ಪು ಜಾಗಕ್ಕೆ ಹೋದೆ. ಮೂರನೇ ಸಲ ಸಿಕ್ಕಿತು. ಆರು ವರ್ಷ ಚಿಕ್ಕವರಾದ ಅಪ್ಪನ ದನಿ, ತುಂಬು ದನಿ, ಅವರ ಕಿವಿಗೆ ಹೋಯಿತು:

“ಹೊರಬಾಗಿಲ ಅಗುಳಿ ತಣ್ಣಗಿತ್ತು. ಆತ ಅದರ ಮೇಲೆ ಕೈಯಿಟ್ಟ.”

ಏನೂ ಆಗಲಿಲ್ಲ. ಮತ್ತೆ ಕೊಟ್ಟೆ. ನೆಲದ ಮೇಲೆ ಬಟ್ಟೆ ಸರಿದಾಡಿದ ಸದ್ದು ಬಂತು. ಬಿಳೀ ಅಂಗಿ ಗಾಜಿನ ಅಂಚಿಗೆ ಎದ್ದಿತು. ಮೂರನೇ ಸಲ ಕೊಟ್ಟಾಗ ಅಪ್ಪ ಉಸಿರು ಎಳೆದುಕೊಂಡರು. ಅದು ಓದುವವನ ಉಸಿರು, ವಾಕ್ಯದ ಮೊದಲು ತೆಗೆದುಕೊಳ್ಳುವ ಉಸಿರು. ಇಪ್ಪತ್ತೆರಡು ವರ್ಷ ಕೇಳಿದ ಕಿವಿ, ತಪ್ಪುವುದಿಲ್ಲ.

“ಅಗುಳಿ ಮೇಲೆದ್ದಿತು” ಎಂದರು. ಕಬ್ಬಿಣ ಸರಿಯಿತು. “ಬಾಗಿಲು ತೆರೆಯಿತು. ಹೊರಗೆ ಬಿಸಿಲಿತ್ತು. ಗೇಟಿನ ಬಳಿ ಹೆಂಡತಿ ಕಾಯುತ್ತ ನಿಂತಿದ್ದಳು.”

ಬಾಗಿಲು ತೆರೆಯಿತು. ಬೆವರಿನಲ್ಲಿ ತೊಯ್ದ ಅಪ್ಪ ಹೊರಗೆ ಬಂದರು. ಹೋಗಿ ತಬ್ಬಿಕೊಂಡೆ. “ಏನಾಯ್ತು ಪುಟ್ಟಿ, ಬಿಡು, ಮೈಯೆಲ್ಲ ಒದ್ದೆ” ಎಂದು ನಕ್ಕರು. ಪುಟ್ಟಿ ಎಂದರು! ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಒಂದು ಚೂರೂ ಮಂಕಿರಲಿಲ್ಲ. ಎರಡು ವರ್ಷದ ಮಂಕನ್ನು ಯಾರೋ ಒರೆಸಿ ತೆಗೆದಂತಿತ್ತು. ಎರಡು ತುಂಡು ಕೂಡಿಕೊಂಡಿದ್ದವು, ನಡುವೆ ಕಡಿದದ್ದು ಗೊತ್ತಾಗದ ಹಾಗೆ. ನನ್ನ ಜನ್ಮದಲ್ಲಿ ಅಂಥ ಕೆಲಸ ನಾನು ಮಾಡಿರಲಿಲ್ಲ.

ಅಪ್ಪ ಕರ್ಚೀಫಿನಿಂದ ಮುಖ ಒರೆಸಿಕೊಂಡು, ನನ್ನ ಭುಜದ ಮೇಲಿಂದ ಹೊರಗಿನ ಬೆಂಚಿನ ಕಡೆ ನೋಡಿದರು.

“ಎಲ್ಲಿ ಇವಳು? ಇಲ್ಲೇ ಕೂತಿದ್ದಳಲ್ಲ.”

ಮೊದಲು ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಆ ವಾಕ್ಯವನ್ನು ಆರು ವರ್ಷದ ಹಿಂದೆ ಅಪ್ಪ ಓದಿದ ದಿನ ಅಮ್ಮ ಬಂದಿದ್ದಳು. ಕೊನೆಯ ದಿನವೆಂದು ಆ ಬೆಂಚಿನ ಮೇಲೆ ಕೂತು ಕಾದಿದ್ದಳು. ನಾನು ಅಪ್ಪನನ್ನು ಆ ಮನೆಯಿಂದ ಹೊರಗೆ ತಂದಿದ್ದೆ, ಸರಿ. ಯಾವ ದಿನಕ್ಕೆ ತರುತ್ತಿದ್ದೇನೆ ಎಂದು ನೋಡಿಕೊಂಡಿರಲಿಲ್ಲ. ದನಿಯೊಂದನ್ನೇ ನೋಡಿಕೊಂಡೆ.

“ಪುಟ್ಟಿ, ನಿಮ್ಮಮ್ಮ ಎಲ್ಲೇ?”

ಅಮ್ಮ ಇಲ್ಲ ಎಂದು ಅಷ್ಟು ನಗುಮುಖದ ಮನುಷ್ಯನಿಗೆ ಹೇಗೆ ಹೇಳಲಿ? “ಮನೆಗೆ ಹೋದ್ಲು” ಎಂದುಬಿಟ್ಟೆ.

ದೆವ್ವದಕ್ಕ ನನ್ನ ತೋಳು ಹಿಡಿದಳು. “ಹಾಗೆ ಹೇಳ್ಬೇಡ” ಎಂದಳು ಮೆಲ್ಲಗೆ. “ಅದನ್ನ ಮಾತ್ರ ಹೇಳ್ಬೇಡ. ಎರಡನೇ ಭಾಗ ಶುರುವಾಗೋದೇ ಅವಳು ಮನೇಲಿದಾಳೆ ಅಂತ.” ಹೇಳಿ ಆಗಿತ್ತು. ಅಪ್ಪ ಆಗಲೇ ಮೆಟ್ಟಿಲು ಇಳಿಯುತ್ತಿದ್ದರು. ಎರಡು ವರ್ಷದಿಂದ ನನ್ನ ಕೈ ಹಿಡಿಯದೆ ಇಳಿದವರಲ್ಲ.

ದಾರಿಯುದ್ದಕ್ಕೂ ಮುಂದೆ ಮುಂದೆ ನಡೆದರು. ನನಗೇ ಹಿಂದೆ ಬೀಳುವಂತಾಯಿತು. ಮನೆ ಮುಟ್ಟುವ ಮೊದಲು ಹೇಳುತ್ತೇನೆ, ಈ ತಿರುವು ದಾಟಿದ ಮೇಲೆ ಹೇಳುತ್ತೇನೆ, ಬೀಗ ತೆಗೆಯುವ ಮೊದಲು ಹೇಳುತ್ತೇನೆ ಎಂದುಕೊಂಡೆ. ಬೀಗ ತೆಗೆದೆ. ಅಪ್ಪ ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದರು.

“ಇವಳೇ” ಎಂದು ಕೂಗಿದರು. ಹೆಸರು ಹಿಡಿದು ಕರೆದವರಲ್ಲ. ಅಡುಗೆಮನೆಯ ಬಾಗಿಲು ತೆರೆದದ್ದು ಕೇಳಿತು. “ಇವಳೇ.” ಬಚ್ಚಲ ಬಾಗಿಲು. ನನ್ನ ಕೋಣೆಯ ಬಾಗಿಲು. ಕೊನೆಗೆ ಅವರ ಕೋಣೆಯದು. ಅಲ್ಲಿ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ನಾನು ನಡುಮನೆಯಲ್ಲಿ ಚಪ್ಪಲಿಯನ್ನೂ ಬಿಚ್ಚದೆ ನಿಂತಿದ್ದೆ. ಇದು ನಾನೇ ಗುಂಡಿ ಒತ್ತಿ ಶುರು ಮಾಡಿದ್ದು, ನಾನೇ ನಿಲ್ಲಿಸಬೇಕು ಎಂದು ಗೊತ್ತಿತ್ತು.

ಅಪ್ಪ ಹೊರಗೆ ಬಂದಾಗ ಎರಡೂ ಕೈ ಹಿಡಿದುಕೊಂಡೆ.

“ಅಪ್ಪ, ಅಮ್ಮ ಇಲ್ಲ. ನಾಲ್ಕು ವರ್ಷ ಆಯ್ತು ಅಮ್ಮ ತೀರಿಕೊಂಡು. ಆಸ್ಪತ್ರೆಯಲ್ಲಿ ನೀವೂ ಇದ್ರಿ, ನಾನೂ ಇದ್ದೆ. ನಾನು ಸುಳ್ಳು ಹೇಳ್ದೆ. ತಪ್ಪಾಯ್ತು.”

ಅಳುತ್ತಾರೆ, ಕುಸಿಯುತ್ತಾರೆ ಎಂದು ಕಾದೆ. ಅಪ್ಪ ಅಳಲಿಲ್ಲ. ಪಾಪ, ಇವಳಿಗೇನೋ ಆಗಿದೆ ಎಂಬಂತೆ ನನ್ನ ಮುಖವನ್ನೇ ನೋಡಿದರು. ನನ್ನ ಕೆನ್ನೆ ಒರೆಸಿದರು. ಆಮೇಲೆ ತಲೆ ತಿರುಗಿಸಿ, ಆಗಷ್ಟೇ ಬಂದ ಕೋಣೆಯ ಕಡೆ ನೋಡಿದರು.

“ಹಾಗಾದ್ರೆ ನಾ ಕೂಗಿದಾಗ ಓ ಅಂದದ್ದು ಯಾರು ಪುಟ್ಟಿ?”

ನನಗೆ ಹೆದರಿಕೆಯಾಗಬೇಕಿತ್ತು. ಅಪ್ಪನನ್ನು ಎಳೆದುಕೊಂಡು ಹೊರಗೆ ಓಡಬೇಕಿತ್ತು. ಆದರೆ ಅವರ ಕೈ ಹಿಡಿದುಕೊಂಡೇ ಉಸಿರು ಬಿಗಿಹಿಡಿದು, ಆ ಬಾಗಿಲ ಕಡೆ ಕಿವಿಗೊಟ್ಟು ನಿಂತೆ, ನನಗೂ ಒಂದೇ ಒಂದು ಸಲ ಕೇಳಲಿ ಎಂದು.